ಟ್ಯಾಂಕ್ ಮುಚ್ಚಳದ ಒಳಗಿನ ಚೀಟಿ

ಕಳೆದ ಭಾನುವಾರ ಬೆಳಿಗ್ಗೆ ಮೈಸೂರಿನ ರಿಂಗ್ ರಸ್ತೆಯ ಬಂಕೊಂದರಲ್ಲಿ ನಾನು ಸರದಿಯಲ್ಲಿ ನಿಂತಿದ್ದಾಗ, ಪಕ್ಕದ ಪಂಪಿನಲ್ಲಿ ಒಬ್ಬ ಹಿರಿಯರು ತಮ್ಮ ಸಣ್ಣ ಕಾರಿಗೆ 100 ಆಕ್ಟೇನಿನ ಪೆಟ್ರೋಲು ಹಾಕಿಸುತ್ತಿದ್ದರು. ಹತ್ತು ವರ್ಷ ಹಳೆಯದಾದ, ಟರ್ಬೊ ಇಲ್ಲದ, ಮನೆಮಂದಿಯನ್ನೆಲ್ಲ ಮದುವೆ ಮುಂಜಿಗೆ ಹೊತ್ತೊಯ್ಯುವ ಕಾರು ಅದು. ನನ್ನ ಕಾರಿನ ಹಿಂಬದಿಯ ಎರಡು ಸೈಲೆನ್ಸರ್ ಬಾಯಿಗಳನ್ನು ನೋಡಿ ಅವರಿಗೆ ನನ್ನ ಮೇಲೆ ವಿಶ್ವಾಸ ಮೂಡಿರಬೇಕು. "ನೀವೂ ಇದನ್ನೇ ಹಾಕಿಸ್ತೀರಾ ಸಾರ್? ಪಿಕಪ್ ಚೆನ್ನಾಗಿ ಬರುತ್ತೆ ಅಂದ್ರು" ಎಂದು ಕೇಳಿದರು. ಇಲ್ಲ ಎಂದೆ. ಏಕೆ ಎಂದು ಅವರು ಕೇಳುವಷ್ಟರಲ್ಲಿ ಹಿಂದಿನ ಗಾಡಿಯವರು ಹಾರನ್ ಬಾರಿಸಿದರು. ಅಲ್ಲಿ ಹೇಳಲಾಗದ್ದನ್ನು, ನಾನೇ ದುಡ್ಡು ಕಳೆದುಕೊಂಡು ಕಲಿತದ್ದರ ಸಮೇತ, ಇಲ್ಲಿ ಬರೆಯುತ್ತಿದ್ದೇನೆ.

ಆಕ್ಟೇನ್ ಸಂಖ್ಯೆಯು ಪೆಟ್ರೋಲಿನ ಶಕ್ತಿಯನ್ನು ಅಳೆಯುವುದಿಲ್ಲ, ಅದರ ತಾಳ್ಮೆಯನ್ನು ಅಳೆಯುತ್ತದೆ. ಸಿಲಿಂಡರಿನೊಳಗೆ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಿದಾಗ ಜ್ವಾಲೆಯು ಅಲ್ಲಿಂದ ಹೊರಟು ಒಂದೇ ಸಮನೆ ಅಂಚಿನವರೆಗೆ ಹರಡಬೇಕು. ಹಾಗೆ ಹರಡುವ ಆ ಕ್ಷಣಮಾತ್ರದಲ್ಲಿ, ಅಂಚಿನಲ್ಲಿ ಇನ್ನೂ ಉರಿಯದೆ ಉಳಿದಿರುವ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವು ಏರುತ್ತಿರುವ ಒತ್ತಡವನ್ನೂ ಶಾಖವನ್ನೂ ತಾಳಲಾರದೆ ತಾನಾಗಿಯೇ ಒಮ್ಮೆಲೇ ಹೊತ್ತಿಕೊಂಡರೆ, ಪಿಸ್ಟನ್ನಿನ ತಲೆಯ ಮೇಲೆ ಸುತ್ತಿಗೆಯಿಂದ ಹೊಡೆದಂತಾಗುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಇದನ್ನು ನಾಕಿಂಗ್ ಎನ್ನುತ್ತಾರೆ. ಇದನ್ನು ತಾಳಿಕೊಳ್ಳುವ ಗುಣವನ್ನು ಅಳೆಯಲು ಎರಡು ರಾಸಾಯನಿಕಗಳನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದಾರೆ: ಐಸೋಆಕ್ಟೇನ್‌ಗೆ 100, ನಾರ್ಮಲ್ ಹೆಪ್ಟೇನ್‌ಗೆ ಸೊನ್ನೆ. ಶೇಕಡ 95 ಐಸೋಆಕ್ಟೇನ್ ಮತ್ತು ಶೇಕಡ 5 ಹೆಪ್ಟೇನ್ ಸೇರಿಸಿದ ಮಿಶ್ರಣದಷ್ಟೇ ತಾಳಿಕೊಳ್ಳುವ ಪೆಟ್ರೋಲು 95 ಆಕ್ಟೇನಿನದು. ಅದರಲ್ಲಿ ಶಕ್ತಿ ಹೆಚ್ಚಿದೆ ಎಂದು ಈ ಅಳತೆ ಎಲ್ಲಿಯೂ ಹೇಳುವುದಿಲ್ಲ.

ಅಳೆಯುವ ವಿಧಾನದಲ್ಲಿಯೂ ಎರಡು ಬಗೆಗಳಿವೆ. ಪರೀಕ್ಷಾ ಇಂಜಿನ್ನನ್ನು ನಿಮಿಷಕ್ಕೆ 600 ಸುತ್ತುಗಳಲ್ಲಿ ಓಡಿಸಿ ಪಡೆಯುವುದು ರಿಸರ್ಚ್ ಆಕ್ಟೇನ್. 900 ಸುತ್ತುಗಳಲ್ಲಿ, ಮಿಶ್ರಣವನ್ನು ಇನ್ನಷ್ಟು ಬಿಸಿ ಮಾಡಿ ಪಡೆಯುವುದು ಮೋಟರ್ ಆಕ್ಟೇನ್. ಇದು ಸಾಮಾನ್ಯವಾಗಿ ಕಡಿಮೆ ಬರುತ್ತದೆ. ಭಾರತ ಮತ್ತು ಯುರೋಪಿನಲ್ಲಿ ನಾವು ಹೇಳುವುದು ಮೊದಲನೆಯದನ್ನು, ಅಮೆರಿಕದ ಪಂಪುಗಳ ಮೇಲೆ ಬರೆಯುವುದು ಎರಡರ ಸರಾಸರಿಯನ್ನು. ಹೀಗಾಗಿ ಅಮೆರಿಕದ 91 ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 95 ಅಥವಾ 96 ಆಗುತ್ತದೆ. ಯೂಟ್ಯೂಬಿನಲ್ಲಿ ಅಮೆರಿಕದವನೊಬ್ಬ "ನನ್ನ ಟರ್ಬೊ ಕಾರಿಗೆ 91 ಸಾಕು" ಎಂದದ್ದನ್ನು ಕೇಳಿ ಇಲ್ಲಿ 91ರ ಪೆಟ್ರೋಲು ಹಾಕಿಸಿ, ಆಮೇಲೆ ಕಾರನ್ನು ಬೈದವರು ನನ್ನ ಸ್ನೇಹಿತರಲ್ಲಿಯೇ ಇಬ್ಬರಿದ್ದಾರೆ.

ಟರ್ಬೊ ಇಂಜಿನ್ನಿಗೆ ಈ ತಾಳ್ಮೆ ಹೆಚ್ಚು ಬೇಕಾಗುವುದಕ್ಕೆ ಕಾರಣ ಸರಳವಾಗಿದೆ. ಸಾಧಾರಣ ಇಂಜಿನ್ನು ಹೊರಗಿನ ಗಾಳಿಯನ್ನು ಸುಮ್ಮನೆ ಎಳೆದುಕೊಳ್ಳುತ್ತದೆ. ಟರ್ಬೊ ಅದನ್ನು ಮೊದಲೇ ಅದುಮಿ ಒಳಗೆ ತಳ್ಳುತ್ತದೆ. ಒಂದು ಬಾರ್ ಬೂಸ್ಟ್ ಎಂದರೆ ಒಳಗೆ ಹೋಗುವ ಗಾಳಿಯ ಒತ್ತಡ ಹೊರಗಿನದರ ಸುಮಾರು ಎರಡು ಪಟ್ಟು. ಸೈಕಲ್ ಪಂಪ್ ಹೊಡೆದವರಿಗೆ ಗೊತ್ತಿರುವಂತೆ, ಅದುಮಿದ ಗಾಳಿ ಬಿಸಿಯಾಗುತ್ತದೆ. ಇಂಟರ್‌ಕೂಲರ್ ಅದನ್ನು ತಕ್ಕಮಟ್ಟಿಗೆ ತಣಿಸುತ್ತದೆ, ಸಿಲಿಂಡರಿಗೇ ನೇರವಾಗಿ ಸಿಂಪಡಿಸುವ ಇಂಜೆಕ್ಷನ್ ಇನ್ನೂ ಸ್ವಲ್ಪ ತಣಿಸುತ್ತದೆ. ಆದರೂ ಮಧ್ಯಾಹ್ನದ ಬಿಸಿಲಿನಲ್ಲಿ, ತುಂಬಿದ ಕಾರಿನಲ್ಲಿ, ಏರು ರಸ್ತೆಯಲ್ಲಿ ಮಿಶ್ರಣದ ತಾಳ್ಮೆ ಕೊನೆಯ ಎಳೆಯವರೆಗೆ ಪರೀಕ್ಷೆಗೆ ಒಳಗಾಗುತ್ತದೆ.

ಈಗಿನ ಕಾರುಗಳಲ್ಲಿ ಇಂಜಿನ್ ಬ್ಲಾಕಿಗೆ ಕಚ್ಚಿಸಿದ ನಾಕ್ ಸೆನ್ಸರ್ ಇರುತ್ತದೆ. ಅದು ಒಳಗಿನ ಹೊಡೆತದ ಕಂಪನವನ್ನು ಆಲಿಸಿ ಕಂಪ್ಯೂಟರಿಗೆ ತಿಳಿಸುತ್ತದೆ, ಕಂಪ್ಯೂಟರ್ ಕಿಡಿ ಹಾರಿಸುವ ಸಮಯವನ್ನು, ಇಂಜಿನ್ ಸುತ್ತುವ ಲೆಕ್ಕದಲ್ಲಿ ಕೆಲವು ಡಿಗ್ರಿಗಳಷ್ಟು ಹಿಂದಕ್ಕೆ ತಳ್ಳುತ್ತದೆ, ಎಂದರೆ ತಡಮಾಡುತ್ತದೆ, ಅದೂ ಸಾಲದಿದ್ದರೆ ಬೂಸ್ಟನ್ನೇ ಇಳಿಸುತ್ತದೆ. ಕಡಿಮೆ ಆಕ್ಟೇನ್ ಹಾಕಿದ ಕೂಡಲೇ ಇಂಜಿನ್ ಒಡೆದುಹೋಗದಿರುವುದು ಈ ಏರ್ಪಾಡಿನಿಂದ. ಅದರ ಬೆಲೆ ಮಾತ್ರ ಇದ್ದೇ ಇದೆ: ತಡವಾಗಿ ಹೊತ್ತಿದ ಮಿಶ್ರಣವು ಪಿಸ್ಟನ್ನನ್ನು ತಳ್ಳುವ ಬದಲು ಸೈಲೆನ್ಸರಿನ ಕಡೆಗೆ ಶಾಖವಾಗಿ ಹೋಗುತ್ತದೆ, ಎಳೆತ ಮಂಕಾಗುತ್ತದೆ, ಮೈಲೇಜ್ ಇಳಿಯುತ್ತದೆ. ಹೆಚ್ಚು ಆಕ್ಟೇನ್ ಹಾಕಿದಾಗ ಇದರ ವಿರುದ್ಧವೂ ನಿಜವೇ ಎಂದರೆ, ಒಂದು ಮಿತಿಯವರೆಗೆ ಮಾತ್ರ. ಕಂಪ್ಯೂಟರಿನಲ್ಲಿ ಬರೆದಿಟ್ಟ ನಕ್ಷೆಯು ಎಷ್ಟು ಮುಂಚಿತವಾಗಿ ಕಿಡಿ ಹಾರಿಸಲು ಬಿಡುತ್ತದೆಯೋ ಅಷ್ಟನ್ನು ಮುಟ್ಟಿದ ಮೇಲೆ, ಉಳಿದ ಆಕ್ಟೇನ್ ಊಟವಾದ ಮೇಲೆ ಬಡಿಸಿದ ಅನ್ನದಂತೆ ಎಲೆಯಲ್ಲಿಯೇ ಉಳಿಯುತ್ತದೆ. ಬಂಕಿನ ಆ ಹಿರಿಯರ ಕಾರಿನಲ್ಲಿ ಆಗುತ್ತಿದ್ದುದು ಇದೇ.

ನನ್ನದು 2017ರ ಮಾದರಿಯ, ಎರಡು ಲೀಟರಿನ ಟರ್ಬೊ ಸೆಡಾನ್. ಕೊಂಡಾಗ 230 ಅಶ್ವಶಕ್ತಿ ಇತ್ತು, ನನಗೆ ಅದು ಸಾಲಲಿಲ್ಲ. 2022ರಲ್ಲಿ ಒಂದು ಟ್ಯೂನಿಂಗ್ ಅಂಗಡಿಯಲ್ಲಿ ರೀಮ್ಯಾಪ್ ಮಾಡಿಸಿದೆ, ಎಂದರೆ ಕಂಪ್ಯೂಟರಿನ ಆ ನಕ್ಷೆಯನ್ನೇ ಬದಲಿಸಿ ಬರೆಸಿದೆ. ಅವರು ಹಾಕಿದ್ದು 100 ಆಕ್ಟೇನಿಗೆಂದೇ ಬರೆದ ನಕ್ಷೆ, ಟ್ಯಾಂಕ್ ಮುಚ್ಚಳದ ಒಳಗೆ "100 ಮಾತ್ರ" ಎಂಬ ಕೆಂಪು ಚೀಟಿಯನ್ನೂ ಅಂಟಿಸಿಕೊಟ್ಟರು. ಅದು ಮುಗಿದು ಬೇರೆಯದು ಹಾಕಬೇಕಾಗಿ ಬಂದರೆ ಏನು ಮಾಡಬೇಕು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಮೇ ತಿಂಗಳಲ್ಲಿ ತಾಯಿ, ಹೆಂಡತಿ, ಮಗಳ ಜೊತೆ ಬೆಂಗಳೂರಿನಿಂದ ಬರುವಾಗ ಮದ್ದೂರಿನ ಹತ್ತಿರ ಟ್ಯಾಂಕ್ ತಳ ಕಂಡಿತು. ಸಿಕ್ಕ ಬಂಕಿನಲ್ಲಿ ಇದ್ದದ್ದು ಸಾಧಾರಣ ಪೆಟ್ರೋಲು, ಆಗಿನ ಲೆಕ್ಕದಲ್ಲಿ 91. ಹೈವೇಯಲ್ಲಿ ನಿಧಾನವಾಗಿಯೇ ಬಂದೆನಾದ್ದರಿಂದ ಏನೂ ಗೊತ್ತಾಗಲಿಲ್ಲ. "ಬಂದಿದ್ದೀವಲ್ಲ, ತಾಯೀನ ನೋಡ್ಕೊಂಡೇ ಹೋಗೋಣ ಕಣಪ್ಪ" ಎಂದರು ಅಮ್ಮ. ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಲ್ಲಿ ಚಾಮುಂಡಿ ಬೆಟ್ಟ ಹತ್ತಿದೆವು.

ತಿರುವು ಮುಗಿದು ಮೂರನೇ ಗೇರಿನಲ್ಲಿ ಅಕ್ಸಲರೇಟರ್ ಒತ್ತಿದಾಗ ಬಾನೆಟ್ಟಿನ ಕಡೆಯಿಂದ, ತಗಡಿನ ಡಬ್ಬಿಯಲ್ಲಿ ಹುಣಸೆ ಬೀಜ ಹಾಕಿ ಅಲ್ಲಾಡಿಸಿದಂತೆ ಒಂದು ಸದ್ದು ಕೇಳಿಸಿತು. ನಾನು ಅದನ್ನು ರಸ್ತೆಯ ಜಲ್ಲಿಯೆಂದುಕೊಂಡು ಇನ್ನೂ ಒತ್ತಿದೆ. ಎರಡು ತಿರುವು ಕಳೆಯುವಷ್ಟರಲ್ಲಿ ಇಂಜಿನ್ ದೀಪ ಮಿಣುಕತೊಡಗಿತು, ಕಾರು ಕುಂಟಿತು. ಮರುದಿನ ಗ್ಯಾರೇಜಿನಲ್ಲಿ ಪ್ಲಗ್ಗುಗಳನ್ನು ಬಿಚ್ಚಿದಾಗ ಒಂದರ ಬಿಳಿ ಪಿಂಗಾಣಿ ಉದ್ದಕ್ಕೂ ಸೀಳಿತ್ತು, ತುದಿಯಲ್ಲಿ ಮೆಣಸಿನಕಾಳಿನಲ್ಲಿ ಕಾಲು ಭಾಗದಷ್ಟು ಚೂರು ಹಾರಿಹೋಗಿತ್ತು. ಮೆಕ್ಯಾನಿಕ್ ಅದನ್ನು ಅಂಗೈಯಲ್ಲಿಟ್ಟು ತೋರಿಸುತ್ತಾ, "ಪಿಸ್ಟನ್ ಉಳೀತಲ್ಲ ಸಾರ್, ಅದೇ ಪುಣ್ಯ" ಎಂದರು. ನಾಕ್ ಸೆನ್ಸರ್ ಇದ್ದೂ ಹೀಗೇಕಾಯಿತು ಎಂದರೆ, ರೀಮ್ಯಾಪ್ ಮಾಡುವವರು ಕೆಲವೊಮ್ಮೆ ಬೂಸ್ಟನ್ನು ಎಷ್ಟು ಏರಿಸಿ, ಕಿಡಿಯನ್ನು ಎಷ್ಟು ಮುಂಚಿತವಾಗಿ ಹಾರಿಸುವಂತೆ ಬರೆದಿರುತ್ತಾರೆಂದರೆ, ಸೆನ್ಸರು ಹಿಂದಕ್ಕೆ ಎಳೆಯಬಹುದಾದ ಕೆಲವೇ ಡಿಗ್ರಿಗಳು ಆ ಅಂತರವನ್ನು ತುಂಬಲಾರವು. ತಪ್ಪು ಅಂಗಡಿಯವರದೂ ಹೌದು. ಚೀಟಿ ಓದಿಯೂ ಬೆಟ್ಟ ಹತ್ತಿದವನು ನಾನು.

ಆ ಬಳಿಕ ಕಾರಿನ ಡಯಾಗ್ನಾಸ್ಟಿಕ್ ಸಾಕೆಟ್ಟಿಗೆ ಒಂದು ಸಣ್ಣ ಓಬಿಡಿ ಸ್ಕ್ಯಾನರ್ ಸಿಕ್ಕಿಸಿ, ಪ್ರತಿ ಸಿಲಿಂಡರಿನಲ್ಲಿ ಕಿಡಿ ಎಷ್ಟು ಡಿಗ್ರಿ ಹಿಂದಕ್ಕೆ ಸರಿಯುತ್ತಿದೆ ಎಂಬುದನ್ನು ಮೊಬೈಲಿನಲ್ಲಿ ನೋಡುವ ಅಭ್ಯಾಸ ಮಾಡಿಕೊಂಡೆ. ಗಾಡಿ ನಾನು ಓಡಿಸುವೆ, ಅಂಕಿಗಳನ್ನು ಪಕ್ಕದಲ್ಲಿ ಕುಳಿತ ಮಗಳು ಓದುವಳು. ನಕ್ಷೆಯನ್ನು ಮೊದಲಿನ ಸ್ಥಿತಿಗೆ ತಂದ ಮೇಲೆ ಅದೇ ಬೆಟ್ಟ, ಅದೇ ಗೇರು, ಒಂದೇ ಬಗೆಯ ಬೆಳಗಿನ ಹೊತ್ತು. 91ರಲ್ಲಿ ಎರಡು ಸಿಲಿಂಡರುಗಳು ನಾಲ್ಕೈದು ಡಿಗ್ರಿ ಹಿಂದೆ ಸರಿದವು. 95ರಲ್ಲಿ ಒಂದು, ಹೆಚ್ಚೆಂದರೆ ಎರಡು. 100ರಲ್ಲಿ ಬಹುತೇಕ ಸೊನ್ನೆ. 91ರಿಂದ 95ಕ್ಕೆ ಹೋದಾಗಿನ ವ್ಯತ್ಯಾಸ ಬೆನ್ನಿಗೆ ತಿಳಿಯಿತು, 95ರಿಂದ 100ಕ್ಕೆ ಹೋದದ್ದು ಮೊಬೈಲಿಗೆ ಮಾತ್ರ ತಿಳಿಯಿತು. ಇದು ನನ್ನ ಒಂದು ಕಾರಿನ ಲೆಕ್ಕ, ಎಲ್ಲರ ಕಾರಿಗೂ ಹೀಗೆಯೇ ಎನ್ನಲಾರೆ. ಆದರೆ 2025ರ ಬೆಲೆಯಲ್ಲಿ, ಮೈಸೂರಿನಲ್ಲಿ ಸಾಧಾರಣ ಪೆಟ್ರೋಲು ಲೀಟರಿಗೆ 102 ರೂಪಾಯಿಯ ಆಸುಪಾಸಿನಲ್ಲಿದ್ದು 100 ಆಕ್ಟೇನಿನದು 160 ದಾಟಿರುವಾಗ, 50 ಲೀಟರಿನ ಟ್ಯಾಂಕಿಗೆ ಸುಮಾರು 3,000 ರೂಪಾಯಿ ಹೆಚ್ಚು ಕೊಟ್ಟು ಮೊಬೈಲಿನಲ್ಲೊಂದು ಸೊನ್ನೆ ನೋಡುವ ಅಗತ್ಯ ನನಗೆ ಕಾಣುವುದಿಲ್ಲ. ಅಷ್ಟಕ್ಕೂ ನಮ್ಮ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ವೇಗಮಿತಿ ಗಂಟೆಗೆ 100 ಕಿ.ಮೀ., ಮೀರಿದರೆ ಕ್ಯಾಮೆರಾ ಇದೆ. 100ರ ಪೆಟ್ರೋಲು ಅಲ್ಲಿ ದಂಡ ಕಟ್ಟಲಿಕ್ಕೆ ಮಾತ್ರ ಉಪಯೋಗ.

ಎತ್ತರದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದ ಮೈಸೂರಿನಲ್ಲಿ ಗಾಳಿಯ ಒತ್ತಡ ಕಡಿಮೆ, 2,240 ಮೀಟರಿನ ಊಟಿಯಲ್ಲಿ ಇನ್ನೂ ಕಡಿಮೆ, ಆದ್ದರಿಂದ ಕಡಿಮೆ ಆಕ್ಟೇನ್ ಸಾಕು ಎನ್ನುವವರಿದ್ದಾರೆ. ಟರ್ಬೊ ಇಲ್ಲದ ಇಂಜಿನ್ನಿಗೆ ಇದು ನಿಜ. ಅಮೆರಿಕದ ಪರ್ವತ ಪ್ರದೇಶದ ರಾಜ್ಯಗಳಲ್ಲಿ ಅವರ ಲೆಕ್ಕದ 85 ಆಕ್ಟೇನ್ ಮಾರುವುದೂ ಈ ತರ್ಕದಿಂದಲೇ. ಟರ್ಬೊ ಹಾಗಲ್ಲ. ಹೊರಗಿನ ಗಾಳಿ ತೆಳುವಾದಷ್ಟೂ ಅದು ಹೆಚ್ಚು ತಿರುಗಿ, ಒಳಗಿನ ಒತ್ತಡವನ್ನು ನಿಗದಿತ ಮಟ್ಟಕ್ಕೆ ತರಲು ಹೆಣಗುತ್ತದೆ, ಹಾಗೆ ಹೆಣಗುವಾಗ ಗಾಳಿಯನ್ನು ಹೆಚ್ಚು ಬಿಸಿ ಮಾಡುತ್ತದೆ. ಊಟಿಯ ತಂಪು ಇದನ್ನು ಸ್ವಲ್ಪ ಸರಿದೂಗಿಸುತ್ತದೆ ಎಂಬುದೇ ಸಮಾಧಾನ. ಹೀಗಾಗಿ ಬಂಡೀಪುರದ ದಾರಿಯಲ್ಲಿ ಊಟಿಗೆ ಹೊರಡುವವರು ತಮ್ಮ ಕಾರಿಗೆ ಬೇಕಾದ ಪೆಟ್ರೋಲನ್ನು ಮೈಸೂರಿನಲ್ಲಿಯೇ ತುಂಬಿಸಿಕೊಳ್ಳುವುದು ಒಳ್ಳೆಯದು.

ಈಗ ಕಬ್ಬು ಮೊದಲಾದವುಗಳಿಂದ ತೆಗೆದು ಪೆಟ್ರೋಲಿಗೆ ಬೆರೆಸುವ ಎಥನಾಲ್ ವಿಷಯ. ಸಾಧಾರಣ ಪೆಟ್ರೋಲಿನ ಆಕ್ಟೇನ್ ಹಿಂದೆ 88 ಇದ್ದದ್ದು 91ಕ್ಕೆ ಏರಿ, ಶೇಕಡ 20 ಎಥನಾಲ್ ಬೆರೆತ (ಇದನ್ನೇ ಇ20 ಎನ್ನುತ್ತಾರೆ) ಮೇಲೆ 95 ಆಗಿದೆ ಎಂದು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ಹೇಳಿತು. ಇದರಲ್ಲಿ ಅಚ್ಚರಿಯೇನಿಲ್ಲ, ಎಥನಾಲಿನದೇ ಆಕ್ಟೇನ್ 108ರ ಮೇಲಿದೆ. ಆವಿಯಾಗುವಾಗ ಅದು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖವನ್ನು ಹೀರಿಕೊಂಡು ಸಿಲಿಂಡರನ್ನು ತಣಿಸುವುದರಿಂದ, ಟರ್ಬೊ ಇಂಜಿನ್ನಿನ ದೃಷ್ಟಿಯಲ್ಲಿ ಅದು ಶತ್ರುವಂತೂ ಅಲ್ಲ. ಒಂದು ಕಾಲಕ್ಕೆ ಆಕ್ಟೇನ್ ಏರಿಸಲು ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು, ಭಾರತದಲ್ಲಿ ಅದು ನಿಂತದ್ದು 2000ದಲ್ಲಿ. ಸೀಸಕ್ಕಿಂತ ಕಬ್ಬಿನ ರಸ ವಾಸಿ ಎನ್ನಲು ಯಾವ ಪರಿಣತಿಯೂ ಬೇಕಿಲ್ಲ. ಮಂಡ್ಯದಲ್ಲಿ ಕಬ್ಬು ಬೆಳೆಯುವ ನನ್ನ ಸೋದರಮಾವ, ನಾನು ಇ20 ಬಗ್ಗೆ ಗೊಣಗಿದಾಗಲೆಲ್ಲ, "ನಮ್ ಕಬ್ಬಿಂದ್ಲೇ ಕಣ್ಲಾ ಅದ್ ಬರೋದು, ಅದ್ನೇ ಬೈತೀಯಲ್ಲೋ" ಎನ್ನುತ್ತಾರೆ. ಈಗ ಅದು ಮೆಕ್ಕೆಜೋಳ, ಅಕ್ಕಿಯಿಂದಲೂ ಬರುತ್ತದೆ ಎಂದು ಹೇಳಿ ಅವರ ಮನಸ್ಸು ನೋಯಿಸುವ ಧೈರ್ಯ ನನಗಿಲ್ಲ.

ನನ್ನ ಗೊಣಗಾಟ ಬೇರೆಯದು. ಆಕ್ಟೇನ್ ಸಾಕೇ ಎಂಬುದು ಒಂದು ಪ್ರಶ್ನೆ, ಕಾರಿನ ರಬ್ಬರು, ಪೈಪು, ಪಂಪುಗಳು ಎಥನಾಲನ್ನು ತಾಳುತ್ತವೆಯೇ ಎಂಬುದು ಇನ್ನೊಂದು ಪ್ರಶ್ನೆ. ಜನ ಎರಡನ್ನೂ ಕಲಸಿಬಿಡುತ್ತಾರೆ. ಇ20 ಪೆಟ್ರೋಲಿನ 95 ನನ್ನ ಇಂಜಿನ್ನಿನ ನಕ್ಷೆಗೆ ಸರಿಹೊಂದುತ್ತದೆ. ಆದರೆ 2017ರಲ್ಲಿ ಕಾರು ತಯಾರಿಸಿದವರು ಬರೆದದ್ದು ಶೇಕಡ 10ರವರೆಗಿನ ಎಥನಾಲಿಗೆ. ಎಥನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ ಇರುವುದರಿಂದ ಮೈಲೇಜ್ ಸ್ವಲ್ಪ ಇಳಿಯುತ್ತದೆ. ಅದು ನೀರನ್ನು ಹೀರುವ ಗುಣದ್ದು, ಕಾರನ್ನು ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲಿಸಿ ನೀರು ಹೆಚ್ಚಾದರೆ ಎಥನಾಲ್ ಬೇರ್ಪಟ್ಟು ತಳಕ್ಕಿಳಿಯುತ್ತದೆ, ಮೇಲುಳಿದ ಪೆಟ್ರೋಲಿನ ಆಕ್ಟೇನ್ ಬಿದ್ದುಹೋಗುತ್ತದೆ. ವಾರಕ್ಕೊಮ್ಮೆ ಮಾತ್ರ ಕಾರು ತೆಗೆಯುವ ನನ್ನಂಥವರು ಟ್ಯಾಂಕನ್ನು ಬಹಳ ದಿನ ಅರ್ಧಕ್ಕೆ ಬಿಡದಿರುವುದು ಕ್ಷೇಮ.

ಇನ್ನೊಂದು ಎಚ್ಚರಿಕೆಯನ್ನು ಹೇಳಲೇಬೇಕು. ಟರ್ಬೊ ಇಂಜಿನ್ನಿನಲ್ಲಿ 1,500 ಸುತ್ತುಗಳಲ್ಲಿ ಎತ್ತರದ ಗೇರು ಹಾಕಿಕೊಂಡು ಅಕ್ಸಲರೇಟರನ್ನು ಪೂರ್ತಿ ಒತ್ತಿದರೆ, ಕಿಡಿ ಹಾರುವ ಮೊದಲೇ ಮಿಶ್ರಣ ಹೊತ್ತಿಕೊಳ್ಳುವ ಅಪಾಯವಿದೆ. ಇದರ ಮುಂದೆ ಆಕ್ಟೇನ್ ಅಷ್ಟಾಗಿ ನಡೆಯುವುದಿಲ್ಲ. ಸರಿಯಾದ ಇಂಜಿನ್ ಆಯಿಲ್ ಹಾಕಿಸುವುದು, ಏರಿನಲ್ಲಿ ಒಂದು ಗೇರು ಇಳಿಸುವುದು, ಇವೇ ಪರಿಹಾರ. ಅಂಗಡಿಗಳಲ್ಲಿ ಮಾರುವ ಆಕ್ಟೇನ್ ಬೂಸ್ಟರ್ ಬಾಟಲಿಗಳ ಮೇಲೆ "ಹತ್ತು ಪಾಯಿಂಟ್ ಏರುತ್ತದೆ" ಎಂದಿದ್ದರೆ, ಅವರ ಲೆಕ್ಕದಲ್ಲಿ ಅನೇಕ ಸಲ ಹತ್ತು ಪಾಯಿಂಟ್ ಎಂದರೆ ಒಂದೇ ಒಂದು ಆಕ್ಟೇನ್.

ಈಗ ನಾನು ಮಾಡುವುದು ಇಷ್ಟು. ನಕ್ಷೆಯನ್ನು 95ಕ್ಕೆ ಹೊಂದಿಸಿಕೊಂಡಿದ್ದೇನೆ, 95ನ್ನೇ ಹಾಕಿಸುತ್ತೇನೆ, ತಿಂಗಳಿಗೊಮ್ಮೆ ಬೆಟ್ಟದಲ್ಲಿ ಸ್ಕ್ಯಾನರ್ ನೋಡುತ್ತೇನೆ. ಅಂಗಡಿಯವರು ಅಂಟಿಸಿದ ಕೆಂಪು ಚೀಟಿಯನ್ನು ಉಗುರಿನಿಂದ ಕೆರೆದೆ, ಸೀಮೆಎಣ್ಣೆ ಹಚ್ಚಿದೆ, ಆದರೂ ಪೂರ್ತಿ ಹೋಗಿಲ್ಲ. ಮೊನ್ನೆ ಆ ಹಿರಿಯರು ಹೊರಟ ಮೇಲೆ ನನ್ನ ಸರದಿ ಬಂದಾಗ, ಬಂಕಿನ ಹುಡುಗ ಮುಚ್ಚಳ ತೆಗೆದು ಅದನ್ನೇ ಬಗ್ಗಿ ಓದಿದ. "ಇಲ್ಲಿ ನೂರು ಅಂತಿದೆಯಲ್ಲ ಸಾರ್, ನೂರನ್ನೇ ಹಾಕ್ಲಾ?" ಎಂದ. ಅದು ಹಳೇದು ಕಣಪ್ಪ, ತೊಂಬತ್ತೈದು ಹಾಕು ಎಂದೆ. ಅವನು ಒಮ್ಮೆ ಸೈಲೆನ್ಸರ್ ಕಡೆಗೂ ಒಮ್ಮೆ ನನ್ನ ಕಡೆಗೂ ನೋಡಿ, "ಝೀರೋ ನೋಡ್ಕೊಳ್ಳಿ ಸಾರ್" ಎಂದು ನಾಝಲ್ ಎತ್ತಿಕೊಂಡ.