ಓಪನ್ ಆಗದ ವಿಡಿಯೋ ಕೆಟ್ಟಿದೆ ಅಂತ ಡಿಲೀಟ್ ಮಾಡಬೇಡಿ

ಸಾಫ್ಟ್‌ವೇರ್ ಅಪ್‌ಡೇಟ್ ಆದಮೇಲೆ ಹಳೆಯ ವಿಡಿಯೋ ಓಪನ್ ಆಗಲಿಲ್ಲ ಅಂದ್ರೆ ಸಾಕು, "ಕರಪ್ಟ್ ಆಗಿದೆ" ಅಂತ ಡಿಲೀಟ್ ಮಾಡುವವರು ಇದ್ದಾರೆ. ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಮನೆಯವರ ಮದುವೆ, ನಾಮಕರಣ, ಈಗ ಇಲ್ಲದ ಅಜ್ಜಿಯ ದನಿ, ಎಲ್ಲ ಇರುವ ಫೈಲ್‌ಗಳು ಅವು. ಎಷ್ಟೋ ಸಲ ಫೈಲ್‌ಗೆ ಏನೂ ಆಗಿರುವುದಿಲ್ಲ, ಅದನ್ನು ಓದುವ ಡಿಕೋಡರ್ ಹೊಸ ವರ್ಷನ್‌ನಲ್ಲಿ ಇರುವುದಿಲ್ಲ, ಅಷ್ಟೇ.

ಫೈಲ್ ಹೆಸರಿನ ಕೊನೆಗೆ ಬರುವ ಎಂಒವಿ, ಎವಿಐ ಅನ್ನುವುದು ವಿಡಿಯೋ ತುಂಬಿಟ್ಟ ಬರೀ ಡಬ್ಬಿಯ ಹೆಸರು. ಒಳಗಿರುವ ಕೋಡೆಕ್, ಅಂದ್ರೆ ವಿಡಿಯೋವನ್ನು ಕುಗ್ಗಿಸಿ ಬರೆದಿಡುವ ವಿಧಾನ, ಬೇರೆ. ಆಪಲ್‌ನ ಮ್ಯಾಕ್ ಕಂಪ್ಯೂಟರ್‌ಗಳಿಗೆ 2019ರಲ್ಲಿ ಬಂದ ಮ್ಯಾಕ್‌ಒಎಸ್ ಕ್ಯಾಟಲಿನಾದಲ್ಲಿ ಹಳೆಯ ಕಾಲದ 32-ಬಿಟ್ ಸಾಫ್ಟ್‌ವೇರ್‌ಗಳು ನಿಂತವು, ಅದರ ಜೊತೆ ಆಪಲ್‌ನ ಹಳೆಯ ವಿಡಿಯೋ ಸಾಫ್ಟ್‌ವೇರ್ ಕ್ವಿಕ್‌ಟೈಮ್ 7 ಕೂಡ ಹೋಯಿತು. ಸೊರೆನ್‌ಸನ್, ಸಿನೆಪ್ಯಾಕ್ ಥರದ ಹಳೆಯ ಕೋಡೆಕ್‌ಗಳಲ್ಲಿದ್ದ ಎಂಒವಿ ಫೈಲ್‌ಗಳು ಆ ಮ್ಯಾಕ್‌ನ ಪ್ಲೇಯರ್‌ನಲ್ಲಿ ಓಪನ್ ಆಗದಂತಾದವು. ವಿಡಿಯೋ ಎಡಿಟ್ ಮಾಡುವ ಪ್ರೀಮಿಯರ್ ಪ್ರೊ ಅದಕ್ಕೂ ಮುಂಚೆ, 2018ರಲ್ಲೇ, ಕ್ವಿಕ್‌ಟೈಮ್ 7 ಕಾಲದ ಫಾರ್ಮ್ಯಾಟ್‌ಗಳನ್ನು ಕೈಬಿಟ್ಟಿತ್ತು.

ಇದರ ಉಲ್ಟಾ ಕೂಡ ಆಗುತ್ತದೆ, ಹೊಸ ವಿಡಿಯೋ ಹಳೆಯ ಸಾಫ್ಟ್‌ವೇರ್‌ನಲ್ಲಿ ಓಪನ್ ಆಗುವುದಿಲ್ಲ. 2017ರ ಐಒಎಸ್ 11ರಿಂದ ಐಫೋನ್ 7 ಮತ್ತು ನಂತರದ ಫೋನ್‌ಗಳು ಎಚ್‌ಇವಿಸಿ ಅನ್ನುವ ಹೊಸ ಕೋಡೆಕ್‌ನಲ್ಲಿ ರೆಕಾರ್ಡ್ ಮಾಡಲು ಶುರು ಮಾಡಿದವು. ಹಳೆಯ ಎಡಿಟರ್‌ಗೆ ಹಾಕಿದರೆ ಧ್ವನಿ ಬರುತ್ತದೆ, ಚಿತ್ರ ಬರುವುದಿಲ್ಲ. ಫೋನ್‌ನ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಫಾರ್ಮ್ಯಾಟ್ಸ್‌ಗೆ ಹೋಗಿ "ಮೋಸ್ಟ್ ಕಂಪ್ಯಾಟಿಬಲ್" ಆರಿಸಿದರೆ ಮುಂದಿನ ವಿಡಿಯೋಗಳು ಅದಕ್ಕಿಂತ ಹಳೆಯ ಎಚ್.264 ಕೋಡೆಕ್‌ನಲ್ಲಿ ಬರುತ್ತವೆ, ಆದರೆ ಸೆಕೆಂಡಿಗೆ 60 ಫ್ರೇಮ್‌ನ 4ಕೆ ಸಿಗುವುದಿಲ್ಲ.

ನನಗೆ ಸಿಟ್ಟು ಬರುವುದು ಎರರ್ ಮೆಸೇಜ್ ನೋಡಿ. ಯಾವ ಕೋಡೆಕ್ ಅನ್ನುವುದು ಫೈಲ್ ಒಳಗೇ ನಾಲ್ಕು ಅಕ್ಷರದಲ್ಲಿ ಬರೆದಿರುತ್ತದೆ. ಎಸ್‌ವಿಕ್ಯೂ3 (SVQ3) ಅಂತಿದ್ದರೆ ಸೊರೆನ್‌ಸನ್, ಎಚ್‌ವಿಸಿ1 (hvc1) ಅಂತಿದ್ದರೆ ಎಚ್‌ಇವಿಸಿ, ಎವಿಸಿ1 (avc1) ಅಂತಿದ್ದರೆ ಎಚ್.264. ಅದನ್ನು ಓದಿ "ಈ ಕೋಡೆಕ್ ನನ್ನಲ್ಲಿಲ್ಲ, ಫೈಲ್ ಸರಿಯಾಗಿದೆ" ಅಂತ ಒಂದು ಸಾಲು ಹೇಳೋಕೆ ಏನು ಕಷ್ಟ? ಅದರ ಬದಲು "ಓಪನ್ ಮಾಡಲು ಆಗಲಿಲ್ಲ" ಅಂತ ಹೇಳಿ ಕೈತೊಳೆದುಕೊಂಡರೆ, ಕಂಪ್ಯೂಟರ್ ಅಷ್ಟಾಗಿ ಗೊತ್ತಿಲ್ಲದವರು ಏನು ಅಂದುಕೊಳ್ಳಬೇಕು? ಹಾಳಾಗಿದೆ ಅಂತಲೇ ಅಲ್ವಾ? ಇದು ಬಳಸುವವರಿಗೆ ಮಾಡುವ ಅನ್ಯಾಯ ಅಂತಲೇ ನಾನು ಹೇಳುತ್ತೇನೆ.

ಮೀಡಿಯಾಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಫೈಲ್ ತೆರೆದರೆ ಆ ನಾಲ್ಕು ಅಕ್ಷರ "ಕೋಡೆಕ್ ಐಡಿ" ಅಂತ ಕಾಣಿಸುತ್ತದೆ. ಆಮೇಲೆ ವಿಎಲ್‌ಸಿ ಅನ್ನುವ ಉಚಿತ ಪ್ಲೇಯರ್‌ನಲ್ಲಿ ಹಾಕಿ ನೋಡಿ. ಅದರ ಡಿಕೋಡರ್‌ಗಳು ಅದರ ಜೊತೆಗೇ ಬರುತ್ತವೆ, ಸಿಸ್ಟಂ ಮೇಲೆ ಅಷ್ಟಾಗಿ ನಿಂತಿಲ್ಲ. ಅಲ್ಲಿ ಪೂರ್ತಿ ಓಡಿದರೆ ತೊಂದರೆ ಫೈಲ್‌ನದ್ದಲ್ಲ. ಯಾವುದೋ ಸೈಟ್‌ನಿಂದ ಕೋಡೆಕ್ ಪ್ಯಾಕ್ ಮಾತ್ರ ಸುಮ್ನೆ ಹಾಕಿಕೊಳ್ಳಬೇಡಿ, ಅದರ ಜೊತೆ ಇನ್ನೇನು ಬರುತ್ತದೋ ಯಾರಿಗೆ ಗೊತ್ತು.

ಡಬ್ಬಿಯದ್ದಷ್ಟೇ ತಕರಾರಾದರೆ ಎಫ್‌ಎಫ್‌ಎಂಪೆಗ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಕಾಪಿ ಆಯ್ಕೆ ಕೊಟ್ಟು ಬೇರೆ ಡಬ್ಬಿಗೆ ಹಾಕಿ, ಕ್ವಾಲಿಟಿ ಒಂದಿಷ್ಟೂ ಹೋಗುವುದಿಲ್ಲ. ಕೋಡೆಕ್ಕೇ ಬದಲಾಗಬೇಕಾದರೆ ನೋಡಲು ಎಚ್.264, ಎಡಿಟಿಂಗ್‌ಗೆ ಪ್ರೊರೆಸ್ ಅನ್ನುವ ಕೋಡೆಕ್ ಆರಿಸಿ. ಫೋನ್ ವಿಡಿಯೋ ಆದರೆ ಹ್ಯಾಂಡ್‌ಬ್ರೇಕ್ ಅನ್ನುವ ಕನ್ವರ್ಟರ್‌ನಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ (ಸೆಕೆಂಡಿಗೆ ಬರುವ ಫ್ರೇಮ್‌ಗಳು ಒಂದೇ ಸಮ ಇರುವ ಹಾಗೆ) ಆರಿಸಿ, ಇಲ್ಲದಿದ್ದರೆ ಎಡಿಟ್ ಮಾಡುವಾಗ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ ಆಗಬಹುದು. ಕನ್ವರ್ಟ್ ಆದಮೇಲೂ ಒರಿಜಿನಲ್ ಫೈಲ್ ಹಾಗೇ ಇಟ್ಟುಕೊಳ್ಳಿ.