ವಾರ್ಡ್ ಕಚೇರಿಗೆ ಮಣ್ಣಿನ ಇಟ್ಟಿಗೆ ಒಪ್ಪುತ್ತದೆಯೇ?

ಪರ: ಸುಡದ ಇಟ್ಟಿಗೆ ಸಾಕು

ಬೆಂಗಳೂರಿನಲ್ಲಿ ವಾರ್ಡ್ ಕಚೇರಿಗೆ ಪಾಯ ತೋಡಿದಾಗ ಬರುವ ಕೆಂಪು ಮಣ್ಣನ್ನು ಲಾರಿ ಬಾಡಿಗೆ ಕೊಟ್ಟು ಊರಾಚೆ ಸುರಿಸುತ್ತೇವೆ. ಆಮೇಲೆ ಇನ್ನೊಂದು ಬಾಡಿಗೆ ಕೊಟ್ಟು, ಭಟ್ಟಿಯಲ್ಲಿ ಸುಟ್ಟ ಇಟ್ಟಿಗೆ ತರಿಸುತ್ತೇವೆ. ಇಂಥ ಮಣ್ಣಿಗೇ ಸ್ವಲ್ಪ ಸಿಮೆಂಟ್ ಬೆರೆಸಿ, ಒತ್ತಿ ಇಟ್ಟಿಗೆ ಮಾಡುವುದನ್ನು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) ಹಳ್ಳಿಗೆ ಒಗ್ಗುವ ತಂತ್ರಜ್ಞಾನಕ್ಕಾಗಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ಎಂದೋ ಮಾಡಿ ತೋರಿಸಿದೆ.

ಮೇಲ್ಪದರದ ಬೇರು ಬೆರೆತ ಮಣ್ಣು ತೆಗೆದುಹಾಕಿ, ಉಳಿದದ್ದನ್ನು 5 ಮಿ.ಮೀ. ಜರಡಿ ಹಿಡಿಯಬೇಕು. ಗಾಜಿನ ಜಾಡಿಯಲ್ಲಿ ನೀರಿನೊಡನೆ ಕುಲುಕಿಟ್ಟರೆ ಮರಳು ಮೊದಲು ತಳ ಸೇರುತ್ತದೆ, ಜೇಡಿ ಕೊನೆಗೆ, ಅಂದಾಜು ಸಿಗುತ್ತದೆ. ಜೇಡಿ ಶೇ. 15 ದಾಟಿದರೆ ಕ್ವಾರಿ ಪುಡಿ ಸೇರಿಸಬೇಕು, ಇಲ್ಲವಾದರೆ ಒಣಗುವಾಗ ಬಿರುಕು ಖಚಿತ. ಎರೆಮಣ್ಣಿನ ಸಹವಾಸವೇ ಬೇಡ. ಶೇ. 7 ಸಿಮೆಂಟ್ ಲೆಕ್ಕದಲ್ಲಿ 230×190×100 ಮಿ.ಮೀ.ನ, ಸುಮಾರು 8 ಕಿಲೋ ತೂಗುವ ಇಟ್ಟಿಗೆ 50 ಕಿಲೋ ಚೀಲಕ್ಕೆ 85-90 ಆಗುತ್ತವೆ. 190 ಮಿ.ಮೀ. ಗೋಡೆಯ ಒಂದು ಚದರ ಮೀಟರ್‌ಗೆ 37 ಇಟ್ಟಿಗೆ ಬೇಕು.

ಗಾರೆ ಇಟ್ಟಿಗೆಗಿಂತ ಗಟ್ಟಿಯಿರಬಾರದು. ಗೋಡೆ ಕೊಂಚ ಕುಸಿದರೂ ಗಟ್ಟಿ ಗಾರೆ ಇಟ್ಟಿಗೆಯನ್ನೇ ಸೀಳುತ್ತದೆ. ಮೆದುವಾದದ್ದಿದ್ದರೆ ಬಿರುಕು ಸಂದಿನಲ್ಲೇ ನಿಲ್ಲುತ್ತದೆ, ತೇಪೆ ಸುಲಭ. ಸಿಮೆಂಟ್, ಮಣ್ಣು, ಮರಳು 1:1:6 ಸರಿಹೋಗುತ್ತದೆ. ಪ್ಲಿಂತ್ (ನೆಲಮಟ್ಟದ ತಳಗಟ್ಟೆ) 45 ಸೆಂ.ಮೀ. ಎತ್ತರಿಸಿ, ಸಜ್ಜಾ 60 ಸೆಂ.ಮೀ. ಮುಂದೆ ಚಾಚಿದರೆ ಹೊರಗೆ ಪ್ಲಾಸ್ಟರ್ ಬೇಕಿಲ್ಲ. ಎರಡು ಅಂತಸ್ತಿನ ಕಚೇರಿಯ ಭಾರವನ್ನು ಈ ಗೋಡೆಯೇ ಹೊರುತ್ತದೆ. ಕಂಬ, ಕಬ್ಬಿಣದ ಖರ್ಚು ಉಳಿಯುತ್ತದೆ. ದೊಡ್ಡ ಉಳಿತಾಯ ಇದೇ, ಇಟ್ಟಿಗೆಯ ಬೆಲೆಯಲ್ಲ.

ವಿರೋಧ: ಮಣ್ಣು ತಾಳುತ್ತದೆ, ಟೆಂಡರ್ ತಾಳದು

ತಂತ್ರದ ಬಗ್ಗೆ ತಕರಾರಿಲ್ಲ. ಆದರೆ ವಾರ್ಡ್ ಕಚೇರಿ ಕಟ್ಟುವವನು ಕಡಿಮೆ ದರ ಕೂಗಿದ ಗುತ್ತಿಗೆದಾರ, ಅವನ ಕಣ್ಣು ಮಾರ್ಚ್ ಕೊನೆಯ ಬಿಲ್ಲಿನ ಮೇಲೆ. ಒತ್ತಿದ ಇಟ್ಟಿಗೆಯನ್ನು ಗೋಣಿ ಹೊದಿಸಿ 28 ದಿನ ತೇವದಲ್ಲಿಡಬೇಕು. ಆತ ವಾರಕ್ಕೇ ಗೋಡೆಗೆ ಏರಿಸುತ್ತಾನೆ. ಬಿಸಿಲಲ್ಲಿ ಒಣಗಿದ ಇಟ್ಟಿಗೆ ನೋಡಲು ಚೆನ್ನಾಗೇ ಇರುತ್ತದೆ. ಮೊದಲ ಮಳೆಗೆ ಮೂಲೆಗಳು ಉದುರುತ್ತವೆ. ಒಣ ಇಟ್ಟಿಗೆ ಒಡೆದು ನೋಡಿದರೆ ಸಾಲದು, ನೀರಲ್ಲಿ ನೆನೆಸಿ ಬಲ ಪರೀಕ್ಷಿಸಬೇಕು. ಆ ವರದಿಯಿಲ್ಲದೆಯೂ ಬಿಲ್ ಪಾಸಾಗುವುದು ಗೊತ್ತಿರುವ ಸಂಗತಿಯೇ.

ಜಾಗದ ಲೆಕ್ಕವನ್ನೂ ಹಾಕಿ. ಕೈಯಂತ್ರದಲ್ಲಿ ದಿನಕ್ಕೆ 500 ಒತ್ತಿದರೆ 28 ದಿನಕ್ಕೆ 14,000 ಇಟ್ಟಿಗೆ. 40×60 ಅಡಿ ಸೈಟಿನಲ್ಲಿ ಪಾಯ, ಜಲ್ಲಿ, ಎಂ-ಸ್ಯಾಂಡ್ ಬಿಟ್ಟು ಇವನ್ನು ಎಲ್ಲಿ ಪೇರಿಸುವುದು? ಪಾಲಿಕೆಗೆ ಸಿಗುವ ಸೈಟೂ ಅನೇಕ ಸಲ ಕೆರೆ ಅಂಚಿನದು, ಇಲ್ಲವೇ ಡೆಬ್ರಿಸ್ ತುಂಬಿಸಿದ್ದು. ಅಲ್ಲಿ ಕೆಂಪು ಮಣ್ಣೆಲ್ಲಿ? ಹೊರಗಿನಿಂದ ತಂದರೆ ಲಾರಿಯ ವಾದವೇ ಬಿದ್ದುಹೋಯಿತು.

ಮುಂದೆ ಇನ್ನೆರಡು ಅಂತಸ್ತು ಏರಿಸುವ ಆಸೆಗೆ ಎಂಜಿನಿಯರ್‌ಗಳು ಕಂಬ-ತೊಲೆಯನ್ನೇ ಕೇಳುತ್ತಾರೆ. ಕಂಬಗಳ ನಡುವೆ ಮಣ್ಣಿನ ಇಟ್ಟಿಗೆ ಬರೀ ತುಂಬುವ ಸಾಮಾನು. ಪರ ವಾದದ ದೊಡ್ಡ ಉಳಿತಾಯ ಅಲ್ಲಿಗೆ ಮುಗಿಯಿತು. ಉದ್ಘಾಟನೆಯಾದ ಮೇಲೆ ಎಲೆಕ್ಟ್ರಿಷಿಯನ್ ಕಟರ್ ಹಿಡಿದು ಬಂದು ವೈರಿನ ಕೊಳವೆ ಕೂರಿಸಲು ಗೋಡೆಯನ್ನು ಅಡ್ಡಡ್ಡ ಕಾಲುವೆಯಂತೆ ಕೊರೆಯುತ್ತಾನೆ. ಭಾರ ಹೊತ್ತ 190 ಮಿ.ಮೀ. ಗೋಡೆಗೆ ಅದು ಕೇಡು. ಕಡತದ ರ‍್ಯಾಕ್‌ಗಳನ್ನು ಎಲ್ಲಿ ಬೇಕೆಂದರಲ್ಲಿ ಮೊಳೆ ಹೊಡೆದು ನಿಲ್ಲಿಸುತ್ತಾರೆ.

ಮಣ್ಣಿನ ಗೋಡೆ ತಂಪು ಎನ್ನುವವರೂ ಇದ್ದಾರೆ. ಆದರೆ ಗಿಡ್ಡ ಕಟ್ಟಡಕ್ಕೆ ಬಿಸಿ ಬರುವುದು ಹೆಚ್ಚಾಗಿ ತಾರಸಿಯಿಂದ, ಗೋಡೆಯಿಂದಲ್ಲ. ಇರುವ ಹಳೆಯ ಕಚೇರಿಯ ತಾರಸಿಗೆ ಬಿಳಿ ಲೇಪನ ಹಾಕಿ, ಪಶ್ಚಿಮದ ಕಿಟಕಿಗೆ ನೆರಳು ಕೊಡಿ. ತಾರಸಿಯ ಮಳೆ ನೀರನ್ನೂ ಹಿಡಿಯಿರಿ. ವರ್ಷಕ್ಕೆ 970 ಮಿ.ಮೀ. ಆಸುಪಾಸು ಮಳೆ ಬೀಳುವ ಈ ಊರಲ್ಲಿ 100 ಚ.ಮೀ. ತಾರಸಿ, ಸೋರಿಕೆ ಕಳೆದರೂ, 75,000 ಲೀಟರ್ ನೀರು ಕೊಡುತ್ತದೆ. ಮೊದಲ ಮಳೆಯ ನೀರನ್ನು ಹೊರಬಿಡುವ ವಾಲ್ವ್ ಮತ್ತು ಫಿಲ್ಟರ್ ತೊಳೆಯುವ ಕೆಲಸವನ್ನು ಯಾರಾದರೂ ಒಬ್ಬ ನೌಕರನ ಪಾಲಿಗೆ ಲಿಖಿತವಾಗಿ ಹಚ್ಚಬೇಕು. ಇಷ್ಟಕ್ಕೆ ಹೊಸ ಕಟ್ಟಡದ ಟೆಂಡರೇ ಬೇಕಾಗಿಲ್ಲ.