ಬಟ್ಟೆಯನ್ನು ಹಿಂಡಬೇಡಿ

ಕೋಲ್ಡ್ ಬ್ರೂ ಕಾಫಿಗೆ ದುಬಾರಿ ಸಲಕರಣೆ ಬೇಕೆಂದು ನಂಬಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮುಚ್ಚಳವಿರುವ ಒಂದು ಗಾಜಿನ ಜಾಡಿ, ಒಂದು ತೆಳು ಬಟ್ಟೆ, ಕಾಫಿಪುಡಿ, ತಣ್ಣೀರು. ಇಷ್ಟಿದ್ದರೆ ಸಾಕು, ಒಲೆ ಹಚ್ಚುವ ಕೆಲಸವೂ ಇಲ್ಲ. ಬಿಸಿ ಕಾಫಿಯನ್ನು ಆರಿಸಿ ಐಸ್ ಹಾಕಿಕೊಂಡು ಇದೇ ಅದು ಎನ್ನುವವರೂ ಇದ್ದಾರೆ. ಅದು ಐಸ್ಡ್ ಕಾಫಿ, ಬೇರೆಯೇ ಜಾತಿ. ಕೋಲ್ಡ್ ಬ್ರೂನಲ್ಲಿ ಬಿಸಿಯ ಸೋಂಕೇ ಇಲ್ಲ. ಬೆಂಕಿ ಐದು ನಿಮಿಷದಲ್ಲಿ ಮಾಡುವುದನ್ನು ತಣ್ಣೀರು ರಾತ್ರಿಯೆಲ್ಲ ಕುಳಿತು ಮಾಡುತ್ತದೆ.

ನನ್ನ ಅಳತೆ 100 ಗ್ರಾಂ ಪುಡಿಗೆ 800 ಮಿಲಿಲೀಟರ್ ನೀರು. ಪುಡಿಯೆಲ್ಲ ನೆನೆಯುವಂತೆ ಒಮ್ಮೆ ಚಮಚದಲ್ಲಿ ತಿರುವಿ ಮುಚ್ಚಿಡುತ್ತೇನೆ. ಹೊರಗಿಟ್ಟರೆ ಸುಮಾರು 12 ಗಂಟೆ, ಫ್ರಿಜ್‌ನಲ್ಲಿಟ್ಟರೆ 18ರಿಂದ 20 ಗಂಟೆ. ಸೋಸಿದಾಗ ಕೈಗೆ ಸಿಗುವುದು 600 ಮಿಲಿಲೀಟರ್ ಆಸುಪಾಸು ಮಾತ್ರ, ಏಕೆಂದರೆ ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಕುಡಿದು ಕೂತಿರುತ್ತದೆ.

ಆ 200 ಮಿಲಿಲೀಟರ್ ಮೇಲಿನ ಆಸೆಯೇ ಮೊದಲ ಸಲ ನನ್ನನ್ನು ಕೆಡಿಸಿದ್ದು. ಬಟ್ಟೆಯಿಂದ ತೊಟ್ಟಿಕ್ಕುವುದು ನಿಧಾನವಾಯಿತು. ತಾಳ್ಮೆ ಕೆಟ್ಟು, ಒಗೆದ ಬಟ್ಟೆ ಹಿಂಡುವ ಹಾಗೆ ಎರಡೂ ಕೈಯಿಂದ ತಿರುಚಿದೆ. ಅಲ್ಲಿಯವರೆಗೆ ಬೆಳಕಿಗೆ ಹಿಡಿದರೆ ಕೆಂಪಗೆ ಹೊಳೆಯುತ್ತಿದ್ದ ಕಾಫಿ ಕ್ಷಣದಲ್ಲಿ ಬಗ್ಗಡವಾಯಿತು. ಬೆಳಿಗ್ಗೆ ನೋಡಿದರೆ ಬಾಟಲಿಯ ತಳದಲ್ಲಿ ಕೆಸರಿನಂತಹ ಗಸಿ, ಬಾಯಿಗಿಟ್ಟರೆ ನಾಲಿಗೆ ಒಣಗಿಸುವ ಒಗರು. ಈಗ ಬಟ್ಟೆಯನ್ನು ಜರಡಿಯ ಮೇಲೆ ಹಾಸಿ, ಸುರಿದು, ಅಡುಗೆಮನೆಯಿಂದಲೇ ಹೊರಗೆ ಹೋಗುತ್ತೇನೆ. ಎದುರಿಗಿದ್ದರೆ ಕೈ ಸುಮ್ಮನಿರುವುದಿಲ್ಲ.

ಪುಡಿ ನುಣ್ಣಗಿದ್ದರೂ ಇದೇ ಗತಿ. ದಪ್ಪ ಉಪ್ಪಿನ ಹರಳಿನಷ್ಟು ತರಿತರಿಯಾಗಿರಬೇಕು. ಚಿಕೋರಿ ಬೆರೆತ ಪುಡಿಯನ್ನಂತೂ ನಾನು ಬಳಸುವುದಿಲ್ಲ. ತಣ್ಣೀರಿನಲ್ಲೂ ಅದು ಬೇಗ ಬಿಟ್ಟುಕೊಂಡು ಬಣ್ಣ ಗಾಢವಾಗುತ್ತದೆ, ಕಾಫಿ ಇಳಿಯಿತೆಂದು ನಾವು ಮೋಸಹೋಗುತ್ತೇವೆ.

ಇನ್ನು 'ಇದರಲ್ಲಿ ಆಮ್ಲವೇ ಇಲ್ಲ, ಹೊಟ್ಟೆಗೆ ಅಮೃತ' ಎಂಬ ಪ್ರಚಾರ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬಿಸಿಯದಕ್ಕೂ ತಣ್ಣಗಿನದಕ್ಕೂ ಆಮ್ಲೀಯತೆಯನ್ನು ಅಳೆಯುವ ಪಿಎಚ್ ಹೆಚ್ಚುಕಡಿಮೆ ಒಂದೇ ಬಂದಿತ್ತು, ಐದರ ಆಸುಪಾಸು. ಬಿಸಿ ಕಾಫಿಯಲ್ಲಿ ಒಟ್ಟು ಆಮ್ಲಗಳು ಹೆಚ್ಚಿದ್ದವು, ನಿಜ. ಅದಕ್ಕೇ ತಣ್ಣಗಿನದು ನಾಲಿಗೆಗೆ ಮೃದು. ಹಾಗೆಂದು ಔಷಧಿಯ ಪಟ್ಟ ಕಟ್ಟುವುದು ಅತಿಯಾಯಿತು. ಇದಕ್ಕೊಂದು ಕೊರತೆಯೂ ಇದೆ, ಅದನ್ನು ಯಾರೂ ಹೇಳುವುದಿಲ್ಲ: ಪರಿಮಳ. ಬಿಸಿ ಲೋಟದಿಂದ ಏಳುವ ಹಬೆ ಮೂಗಿಗೆ ಕೊಡುವ ಸುಖ ಇದರಲ್ಲಿ ಇಲ್ಲವೇ ಇಲ್ಲ. ಆ ಸುಖ ಬೇಕಾದ ದಿನ ನಾನು ಜಾಡಿಯ ಕಡೆ ತಿರುಗಿಯೂ ನೋಡುವುದಿಲ್ಲ.

ಹೀಗೆ ಇಳಿಸಿದ್ದು ಗಟ್ಟಿ ಡಿಕಾಕ್ಷನ್, ನೆನಪಿರಲಿ. ಅಷ್ಟೇ ಪ್ರಮಾಣದ ನೀರೋ ಹಾಲೋ ಬೆರೆಸಿ ಕುಡಿಯಬೇಕು. ಮೃದುವಾಗಿದೆಯಲ್ಲ ಎಂದು ಒಂದು ಸಂಜೆ ಲೋಟ ತುಂಬಾ ಹಾಗೆಯೇ ಕುಡಿದು, ರಾತ್ರಿ ಎರಡು ಗಂಟೆಗೆ ಕಪಾಟು ಜೋಡಿಸುತ್ತ ಕುಳಿತಿದ್ದೆ. ನೀರು ಬೆರೆಸದೆ ಫ್ರಿಜ್‌ನಲ್ಲಿಟ್ಟರೆ ಒಂದು ವಾರ ಚೆನ್ನಾಗಿಯೇ ಇರುತ್ತದೆ. ನಮ್ಮ ಮನೆಯಲ್ಲಿ ನಾಲ್ಕನೆಯ ದಿನ ಕಂಡದ್ದಿಲ್ಲ.

ಇದನ್ನು ಬರೆಯುವ ಹೊತ್ತಿಗೆ ಜಾಡಿ ಮುಚ್ಚಿಟ್ಟು ಒಂಬತ್ತು ಗಂಟೆಯಾಗಿದೆ. ಇನ್ನೂ ಮೂರು ಗಂಟೆ ಮುಟ್ಟಬಾರದು. ಎರಡು ಸಲ ಹೋಗಿ ಮುಚ್ಚಳ ತೆಗೆದು ಮೂಸಿ ಬಂದಿದ್ದೇನೆ.